ಝೀನ್ ಮಾಡುವವರಿಗೊಂದು ಆ್ಯಪ್

ಕೇಳುಗರಿಗೆ ನಮಸ್ಕಾರ.

ಝೀನ್ ಅಂದರೆ ಒಬ್ಬರೋ ಇಬ್ಬರೋ ಸೇರಿ ತಾವೇ ಬರೆದು, ತಾವೇ ಚಿತ್ರ ಬಿಡಿಸಿ, ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು ಹಂಚುವ ಪುಟ್ಟ ಪತ್ರಿಕೆ. ಐವತ್ತು ಪ್ರತಿ ಹೋದರೆ ಖುಷಿ. ಸಂಪಾದಕರ ಒಪ್ಪಿಗೆ ಬೇಕಿಲ್ಲ, ಜಾಹೀರಾತಿನ ಹಂಗಿಲ್ಲ. ಇಂಥವರಿಗೆಂದೇ ಒಂದು ಸೋಷಿಯಲ್ ಆ್ಯಪ್ ಮಾಡಿದರೆ ಅದು ಹೇಗಿರಬೇಕು? ಇವತ್ತು ಅದರ ಬಗ್ಗೆ ಮಾತಾಡೋಣ.

ಆ್ಯಪ್ ಅಂದಕೂಡಲೇ ಲೈಕು, ಫಾಲೋವರ್‌ಗಳು, ಎಷ್ಟು ಉರುಳಿಸಿದರೂ ಮುಗಿಯದ ಫೀಡು ಕಣ್ಣಮುಂದೆ ಬರುತ್ತವೆ. ಕೆಲಸ ಕೆಡುವುದು ಅಲ್ಲೇ. ಮೂವತ್ತು ಪ್ರತಿ ಮಾಡಿದವರಿಗೆ ಮೂರು ಸಾವಿರ ಲೈಕು ಬಂದು ಏನಾಗಬೇಕು? ಅವರಿಗೆ ಬೇಕಾದದ್ದು ಆ ಮೂವತ್ತು ಪ್ರತಿ ಓದುವ ಮೂವತ್ತು ಜನ, ಅಲ್ವಾ? ಅಷ್ಟು ಜನರನ್ನು ಹುಡುಕಿಕೊಟ್ಟು ಆ್ಯಪ್ ಪಕ್ಕಕ್ಕೆ ಸರಿದರೆ ಸಾಕು.

ಓದುಗರನ್ನು ಹುಡುಕುವ ಕಷ್ಟ ಹಳೆಯದು. ಅಮೆರಿಕದಲ್ಲಿ 1920ರ ದಶಕದಲ್ಲಿ ವಿಜ್ಞಾನ ಕಥೆಗಳ ಪತ್ರಿಕೆಗಳು ಓದುಗರ ಪತ್ರಗಳ ಜೊತೆ ಅವರ ವಿಳಾಸವನ್ನೂ ಅಚ್ಚು ಮಾಡುತ್ತಿದ್ದವು. ಓದುಗರು ಒಬ್ಬರಿಗೊಬ್ಬರು ನೇರವಾಗಿ ಬರೆಯತೊಡಗಿದರು. ಹಾಗೆ ಪರಿಚಯವಾದ ಅಭಿಮಾನಿಗಳು 1930ರಲ್ಲಿ ‘ದಿ ಕಾಮೆಟ್’ ಎಂಬ ಪತ್ರಿಕೆ ತಂದರು. ಅಭಿಮಾನಿಗಳೇ ಮಾಡಿದ ಮೊದಲ ಝೀನ್ ಎಂದು ಹೆಚ್ಚಿನವರು ಅದನ್ನೇ ಹೆಸರಿಸುತ್ತಾರೆ. ಮುಂದೆ 1982ರಲ್ಲಿ ಮೈಕ್ ಗಂಡರ್ಲಾಯ್ ‘ಫ್ಯಾಕ್ಟ್‌ಶೀಟ್ ಫೈವ್’ ಶುರು ಮಾಡಿದರು. ಅದು ಬೇರೆ ಝೀನ್‌ಗಳ ಬಗ್ಗೆಯೇ ಇದ್ದ ಝೀನ್. ಪ್ರತಿಯೊಂದರ ಬಗ್ಗೆ ನಾಲ್ಕು ಸಾಲು ಅಭಿಪ್ರಾಯ, ಬೆಲೆ, ತರಿಸಿಕೊಳ್ಳುವ ವಿಳಾಸ, ಅಷ್ಟೇ. ಒಳ್ಳೆಯ ಆ್ಯಪ್‌ನ ಮುಖಪುಟವೂ ಇದಕ್ಕಿಂತ ಹೆಚ್ಚೇನೂ ಹೇಳಬೇಕಿಲ್ಲ. ಎಷ್ಟು ಪುಟ, ಎಷ್ಟು ಪ್ರತಿ ಉಳಿದಿದೆ, ದುಡ್ಡಿಗೋ ಅಥವಾ ನಿಮ್ಮ ಝೀನ್ ಕೊಟ್ಟರೆ ಸಾಕೋ. ಪ್ರತಿ ಮುಗಿದರೆ ‘ಮುಗಿದಿದೆ’ ಎಂದು ಬರಲಿ. ಮತ್ತೆ ಅಚ್ಚು ಹಾಕುವುದು, ಬಿಡುವುದು ಮಾಡಿದವರ ಇಷ್ಟ.

ಈಗ ವಿಳಾಸದ ವಿಷಯ. ವಿನ್ಯಾಸದಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ ಇದು. ಪತ್ರಿಕೆ ಅಂಚೆಯಲ್ಲಿ ಹೋಗಬೇಕು ಅಂದರೆ ಮನೆ ವಿಳಾಸ ಕೊಡಲೇಬೇಕು. ಆದರೆ ಝೀನ್‌ಗಳಲ್ಲಿ ಜನ ತಮ್ಮ ಕಾಯಿಲೆ, ಪ್ರೀತಿ, ಮನೆಯ ಜಗಳ, ರಾಜಕೀಯ ಎಲ್ಲ ಬರೆಯುತ್ತಾರೆ. ಎಷ್ಟೋ ಜನ ಸುಳ್ಳು ಹೆಸರಿನಲ್ಲಿ ಬರೆಯುತ್ತಾರೆ. ಅಂಥವರ ಬಾಗಿಲು ಯಾರಿಗೂ ಸುಮ್ನೆ ತೋರಿಸಬಾರದು. ಹಾಗಾಗಿ ವಿಳಾಸ ಪ್ರೊಫೈಲಿನಲ್ಲಿ ಇರಲೇಬಾರದು. ಒಬ್ಬರು ‘ಅದಲುಬದಲು ಮಾಡೋಣವೇ’ ಎಂದು ಕೇಳಲಿ, ಇನ್ನೊಬ್ಬರು ಒಪ್ಪಲಿ. ಆಗ ಮಾತ್ರ ಇಬ್ಬರಿಗೂ ವಿಳಾಸ ಕಾಣಲಿ. ಕವರು ತಲುಪಿತು ಎಂದು ಒತ್ತಿದ ಮೇಲೆ ಸರ್ವರಿನಿಂದಲೂ ಅಳಿಸಿಹೋಗಲಿ. ಆ ಕಡೆಯವರು ಅಷ್ಟರಲ್ಲಿ ಬರೆದಿಟ್ಟುಕೊಂಡಿದ್ದರೆ? ಅದನ್ನು ಯಾವ ಆ್ಯಪ್ ಕೂಡ ತಡೆಯಲಾರದು. ಈ ಮಾತನ್ನು ಒಪ್ಪುವ ಮೊದಲೇ ದಪ್ಪ ಅಕ್ಷರದಲ್ಲಿ ಹೇಳಿಬಿಡಬೇಕು. ಮನೆ ವಿಳಾಸ ಬೇಡ ಅನ್ನುವವರಿಗೆ ಪೋಸ್ಟ್ ಬಾಕ್ಸ್ ನಂಬರು ಹಾಕಲು ಜಾಗ ಇರಲಿ.

ಇನ್ನೊಂದು ಹಳೆಯ ಪದ್ಧತಿ ನನಗೆ ತುಂಬಾ ಇಷ್ಟ. 1937ರಲ್ಲಿ ಶುರುವಾದ ಫ್ಯಾಂಟಸಿ ಅಮೆಚೂರ್ ಪ್ರೆಸ್ ಅಸೋಸಿಯೇಷನ್ ಎಂಬ ಹವ್ಯಾಸಿ ಪತ್ರಿಕೆ ಮಾಡುವವರ ಸಂಘದಲ್ಲಿ ಪ್ರತಿ ಸದಸ್ಯರೂ ತಮ್ಮ ಪತ್ರಿಕೆಯ ಸಾಕಷ್ಟು ಪ್ರತಿಗಳನ್ನು ಒಬ್ಬರಿಗೆ ಕಳಿಸುತ್ತಿದ್ದರು. ಅವರು ಎಲ್ಲವನ್ನೂ ಒಟ್ಟುಮಾಡಿ, ಒಬ್ಬೊಬ್ಬರಿಗೂ ಒಂದೊಂದು ಕಟ್ಟು ಕಳಿಸುತ್ತಿದ್ದರು. ಸುಮ್ಮನೆ ಕೂತು ಓದುತ್ತೇನೆ ಅಂದರೆ ಆಗುತ್ತಿರಲಿಲ್ಲ, ವರ್ಷಕ್ಕೆ ಇಂತಿಷ್ಟು ಪುಟ ಕೊಡಲೇಬೇಕಿತ್ತು. ಆ್ಯಪ್‌ನಲ್ಲೂ ಇಪ್ಪತ್ತು ಜನರ ಗುಂಪುಗಳು ಇರಬಹುದು. ಯಾರ ಪುಟ ಬಂತು, ಯಾರದು ಬಾಕಿ, ಕೊನೆ ದಿನ ಯಾವಾಗ, ಇಷ್ಟನ್ನು ನೋಡಿಕೊಂಡರೆ ಸಾಕು. ಕಟ್ಟು ಕಟ್ಟುವವರ ತಲೆನೋವು ಅರ್ಧ ಕಡಿಮೆ.

ಪುಟ ಜೋಡಿಸುವ ಸಾಧನವೂ ಇದ್ದರೆ ಒಳ್ಳೆಯದು. ಮಡಚಿ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ಎಂಟು ಪುಟದ್ದಾದರೆ ಹೊರಗಿನ ಹಾಳೆಯ ಒಂದು ಮಗ್ಗುಲಲ್ಲಿ 8 ಮತ್ತು 1, ಇನ್ನೊಂದು ಮಗ್ಗುಲಲ್ಲಿ 2 ಮತ್ತು 7 ಬರುತ್ತವೆ. ಹೊಸಬರು ಇಲ್ಲೇ ತಲೆ ಕೆರೆದುಕೊಳ್ಳುವುದು. ಈ ಲೆಕ್ಕವನ್ನು ಯಂತ್ರಕ್ಕೆ ಬಿಡಬಹುದು. ಅಕ್ಷರ ತಿದ್ದುವುದು, ಅಂಚು ನೇರ ಮಾಡುವುದು, ‘ಚಂದ ಮಾಡುವುದು’ ಮಾತ್ರ ಬೇಡ. ಕತ್ತರಿಸಿ ಅಂಟಿಸಿದ ತುಂಡು ಓರೆಯಾಗಿದ್ದರೆ ಓರೆಯಾಗಿಯೇ ಇರಲಿ.

ಕಾಮೆಂಟುಗಳು? ನನ್ನ ಮಟ್ಟಿಗೆ ಬೇಡ. ಓದಿದವರು ಮಾಡಿದವರಿಗೆ ಪತ್ರ ಬರೆಯಲಿ. ಪತ್ರ ಬರೆದವರು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಅದು ಅಚ್ಚಾಗಲಿ. ಪತ್ರಗಳ ಪುಟ ಝೀನ್‌ಗಳಲ್ಲಿ ಮೊದಲಿನಿಂದಲೂ ಇದೆ. ಉತ್ತರ ತಡವಾಗುತ್ತದೆ, ನಿಜ. ಸಿಟ್ಟಿನಲ್ಲಿ ಬರೆದದ್ದೂ ಅಷ್ಟೇ ಕಡಿಮೆಯಾಗುತ್ತದೆ.

ಖರ್ಚಿನ ಮಾತು ಬಂದೇ ಬರುತ್ತದೆ. ಸರ್ವರಿಗೆ ದುಡ್ಡು ಬೇಕು. ಜಾಹೀರಾತು ತಂದರೆ ಜನರನ್ನು ಆ್ಯಪ್‌ನಲ್ಲೇ ಕೂರಿಸಿಕೊಳ್ಳುವ ಆಸೆ ಹಿಂದೆಯೇ ಬರುತ್ತದೆ. ವರ್ಷಕ್ಕೊಂದು ಸಣ್ಣ ಚಂದಾ ವಾಸಿ. ಅದೂ ಸಾಲದೆ ಒಂದು ದಿನ ಮುಚ್ಚಬೇಕಾಗಿ ಬಂದರೆ ತಿಂಗಳುಗಟ್ಟಲೆ ಮುಂಚೆ ಹೇಳಬೇಕು. ಯಾರು ಯಾರ ಜೊತೆ ಏನು ಅದಲುಬದಲು ಮಾಡಿದ್ದಾರೆ ಎಂಬ ಪಟ್ಟಿಯನ್ನು ಅವರವರು ಪ್ರಿಂಟ್ ತೆಗೆದುಕೊಳ್ಳುವಂತಿರಬೇಕು. ಪ್ರಿಂಟ್ ತೆಗೆಯುವ ಈ ಬಟನ್ ಅನ್ನು ಮೊದಲ ದಿನವೇ ಹಾಕಿಡಿ. ಮುಚ್ಚುವ ಹೊತ್ತಿಗೆ ಅದನ್ನು ಮಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ನಮಸ್ಕಾರ.