ನಲ್ಲಿ ನೀರಿನ ಹಿಂದೆ ಹೊರಟೆವು: ಯೂಟಾ ಪಾರ್ಕ್‌ಗಳಲ್ಲಿ ನಮ್ಮ ಟೆಂಟ್ ವಾಸ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಗ್ಲೆನ್ ಕ್ಯಾನಿಯನ್ ಅಣೆಕಟ್ಟು. ಅರಿಜೋನಾದ ಪೇಜ್ ಎಂಬ ಊರಿನ ಪಕ್ಕದಲ್ಲೇ ಇದೆ. ಎತ್ತರ 710 ಅಡಿ. ಅದರ ಹಿಂದೆ ನಿಂತಿರುವ ಕೊಲೊರಾಡೊ ನದಿಯ ನೀರು ಲೇಕ್ ಪೊವೆಲ್. ಬಂಡೆಗಳ ಮೇಲೆ ಉದ್ದಕ್ಕೂ ಒಂದು ಬಿಳಿ ಪಟ್ಟಿ ಕಾಣುತ್ತಿದೆ ಅಲ್ವಾ? ಒಂದು ಕಾಲಕ್ಕೆ ನೀರು ಅಲ್ಲಿಯವರೆಗೂ ಇತ್ತು.

ನಾನು, ಪ್ರಶಾಂತ್ ಇಬ್ಬರೂ ಫೀನಿಕ್ಸ್‌ನಲ್ಲಿ ಇರುವವರು. ನಮ್ಮ ಊರಿನ ನಲ್ಲಿಗಳಲ್ಲಿ ಬರುವ ನೀರಿನಲ್ಲಿ ದೊಡ್ಡ ಪಾಲು ಈ ಕೊಲೊರಾಡೊ ನದಿಯದು. ಇದೇ ನದಿಯ ಕೆಳಭಾಗದ ಲೇಕ್ ಹವಾಸುವಿನಿಂದ ಪಂಪ್ ಮಾಡಿ ಮೇಲಕ್ಕೆತ್ತಿ, ಕಾಲುವೆಯಲ್ಲಿ ಮರುಭೂಮಿ ದಾಟಿಸಿ ತರುತ್ತಾರೆ. ಟೂಸಾನ್‌ವರೆಗೂ ಹೋಗುವ ಆ ಕಾಲುವೆಯ ಉದ್ದ ಸುಮಾರು 540 ಕಿಲೋಮೀಟರ್. ನಾನು ಮಂಡ್ಯದ ಕಡೆಯವಳು, ವಿ.ಸಿ. ನಾಲೆ ನೋಡಿಕೊಂಡೇ ಬೆಳೆದವಳು. ನಾಲೆ ಕಂಡರೆ ಇದರ ನೀರು ಎಲ್ಲಿಂದ ಬಂತು ಅಂತ ಕೇಳದೆ ಇರಲಾರೆ. ಹಾಗಾಗಿ ಈ ಸಲ ಯೂಟಾದ ರಾಷ್ಟ್ರೀಯ ಉದ್ಯಾನಗಳ ಪ್ರವಾಸ ಅಂದಾಗ ನನ್ನ ತಲೆಯಲ್ಲಿ ಇದ್ದದ್ದು ಆ ಕೆಂಪು ಬಂಡೆಗಳಷ್ಟೇ ಅಲ್ಲ. ಈ ಪಾರ್ಕ್‌ಗಳಲ್ಲಿ ಬೀಳುವ ಮಳೆ, ಕರಗುವ ಹಿಮ, ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಸೇರುವುದು ಈ ನದಿಯನ್ನೇ.

ಅಕ್ಟೋಬರ್ ಶುರು. ಹಗಲು ಹಿತವಾದ ಬಿಸಿಲು, ರಾತ್ರಿ ಒಳ್ಳೆ ಚಳಿ. ಕಾರಿನ ಹಿಂದೆ ಟೆಂಟ್, ಸ್ಲೀಪಿಂಗ್ ಬ್ಯಾಗ್, ಎರಡು ಬರ್ನರ್‌ನ ಪ್ರೊಪೇನ್ ಸ್ಟವ್, ಸಣ್ಣ ಕುಕ್ಕರ್. ಜೊತೆಗೆ ಎರಡು ನೀಲಿ ನೀರಿನ ಕ್ಯಾನ್. ಊಟಕ್ಕೆ ಪ್ರಶಾಂತ್ ಅವರಮ್ಮ ಕಳಿಸಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ. ಕ್ಯಾಂಪಿಂಗ್‌ಗೆ ಇದಕ್ಕಿಂತ ಒಳ್ಳೆ ಊಟ ನನಗೆ ಗೊತ್ತಿಲ್ಲ. ಫ್ರಿಜ್ ಬೇಡ, ಬೇಯಿಸಬೇಕಿಲ್ಲ. ಎಲ್ಲಕ್ಕಿಂತ ಮುಖ್ಯ, ಪಾತ್ರೆ ತೊಳೆಯುವ ನೀರು ಉಳಿಯುತ್ತದೆ.

ಮೊದಲು ಝಯಾನ್. ನಾವು ಪೂರ್ವದ ಕಡೆಯಿಂದ ಒಳಗೆ ಹೋದೆವು. ಗೇಟ್ ದಾಟುತ್ತಿದ್ದ ಹಾಗೆ ಚೆಕರ್‌ಬೋರ್ಡ್ ಮೇಸಾ ಸಿಗುತ್ತದೆ. ಬಂಡೆಯ ಮೈತುಂಬ ಅಡ್ಡ ಗೆರೆ, ಉದ್ದ ಗೆರೆ. ಆ ಅಡ್ಡ ಗೆರೆಗಳು ಹಳೆಯ ಮರಳುದಿಬ್ಬಗಳ ಪದರಗಳು. ಡೈನೋಸಾರ್‌ಗಳ ಕಾಲದಲ್ಲಿ ಇಲ್ಲೆಲ್ಲ ದೊಡ್ಡ ಮರಳುಗಾಡಿತ್ತು, ಆ ಮರಳೇ ಗಟ್ಟಿಯಾಗಿ ಈ ಕಲ್ಲಾಗಿದೆ. ಪ್ರಶಾಂತ್ ಬಾದಾಮಿ ಹತ್ತಿರದವನು. ಕಾರು ನಿಲ್ಲಿಸಿ ಬಂಡೆಗೆ ಕೈಯಿಟ್ಟು, "ನಮ್ಮ ಬಾದಾಮಿ ಕಲ್ಲಿನ ಬಣ್ಣಾನ ಐತಿ ನೋಡು ಇದು" ಅಂದ. ನಿಜ. ಎರಡೂ ಮರಳುಗಲ್ಲೇ, ಎರಡಕ್ಕೂ ಕೆಂಪು ಬಂದಿರುವುದು ಕಬ್ಬಿಣದ ತುಕ್ಕಿನಿಂದ. ಬಾದಾಮಿಯದು ಇದಕ್ಕಿಂತ ಎಷ್ಟೋ ಹಳೆಯ ಕಲ್ಲು.

ಮುಂದೆ ಬೆಟ್ಟ ಕೊರೆದು ಮಾಡಿದ ಸುರಂಗ. 1930ರಲ್ಲಿ ಮುಗಿದದ್ದು, ಸುಮಾರು 1.8 ಕಿಲೋಮೀಟರ್ ಉದ್ದ. ಒಳಗೆ ದೀಪಗಳಿಲ್ಲ. ಅಲ್ಲಲ್ಲಿ ಕಿಟಕಿಯ ಹಾಗೆ ಬಂಡೆ ಕತ್ತರಿಸಿದ್ದಾರೆ. ಆ ಕತ್ತಲೆಯಿಂದ ಹೊರಗೆ ಬಂದ ಕ್ಷಣ ಇಡೀ ಕಣಿವೆ ಎದುರಿಗೆ ನಿಂತಿರುತ್ತದೆ. ಇಲ್ಲಿ ಸ್ವಲ್ಪ ಹೊತ್ತು ನಾನು ಮಾತಾಡುವುದಿಲ್ಲ. ನೀವೇ ನೋಡಿ.

ವಾಚ್‌ಮನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ನಮ್ಮ ಟೆಂಟ್. ಇಲ್ಲಿ ಜಾಗ ಸಿಗುವುದು ಕಷ್ಟ, ತಿಂಗಳುಗಳ ಮೊದಲೇ ಬುಕ್ ಮಾಡಬೇಕು. ಪಕ್ಕದಲ್ಲೇ ವರ್ಜಿನ್ ನದಿ. ಮಂಡ್ಯದಲ್ಲಿ ಇಷ್ಟು ಅಗಲದ ನೀರನ್ನು ನಾವು ಹಳ್ಳ ಅಂತಲೇ ಕರೆಯುತ್ತೇವೆ. ಆದರೆ ಸಾವಿರಾರು ಅಡಿ ಎತ್ತರದ ಈ ಗೋಡೆಗಳ ನಡುವೆ ಕಣಿವೆ ಕೊರೆದಿರುವುದು ಇದೇ ನೀರು. ಕಣಿವೆಯೊಳಗಿನ ರಸ್ತೆಯಲ್ಲಿ ವರ್ಷದ ಹೆಚ್ಚಿನ ತಿಂಗಳು ಸ್ವಂತ ಕಾರು ಬಿಡುವುದಿಲ್ಲ, ಶಟಲ್ ಬಸ್ಸಿನಲ್ಲೇ ಹೋಗಬೇಕು. 2000ನೇ ಇಸವಿಯಿಂದ ಹೀಗೆ. ಇದು ಒಳ್ಳೆಯ ಏರ್ಪಾಡು ಅಂತ ನನ್ನ ಅಭಿಪ್ರಾಯ. ಹಾರನ್ ಇಲ್ಲ, ಪಾರ್ಕಿಂಗ್ ಜಗಳ ಇಲ್ಲ.

ಕೊನೆಯ ಸ್ಟಾಪ್‌ನಲ್ಲಿ ಇಳಿದು ನದಿಯ ಪಕ್ಕದ ಕಾಲುದಾರಿ ಹಿಡಿದೆವು. ಬಲಗಡೆ ಗೋಡೆ ನೋಡಿ. ಒಣ ಬಂಡೆಯ ನಡುವಿನಿಂದ ನೀರು ಜಿನುಗುತ್ತಿದೆ, ಅಲ್ಲೇ ಜರೀಗಿಡಗಳು ನೇತಾಡುತ್ತಿವೆ. ಮೇಲೆ ಬಿದ್ದ ಮಳೆ ಮರಳುಗಲ್ಲಿನೊಳಗೆ ನಿಧಾನಕ್ಕೆ ಇಳಿಯುತ್ತದೆ. ಕೆಳಗೆ ನೀರು ಬಿಡದ ಗಟ್ಟಿ ಪದರ ಸಿಕ್ಕಾಗ ಪಕ್ಕಕ್ಕೆ ಹರಿದು ಗೋಡೆಯಿಂದ ಹೊರಗೆ ಬರುತ್ತದೆ. ಝಯಾನ್‌ನ ಇಂಥ ಕೆಲವು ಒರತೆಗಳಲ್ಲಿ ಈ ಪ್ರಯಾಣಕ್ಕೆ ಸಾವಿರ ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದಂತೆ. ಆ ಲೆಕ್ಕದಲ್ಲಿ ಈಗ ತೊಟ್ಟಿಕ್ಕುತ್ತಿರುವ ಹನಿ ಮಳೆಯಾಗಿ ಬಿದ್ದಾಗ ನಮ್ಮ ಬೇಲೂರಿನ ಗುಡಿ ಇನ್ನೂ ಕಟ್ಟಿರಲಿಲ್ಲ. ನಾನು ಕೈ ಒಡ್ಡಿ ನಿಂತೆ. ಮುಖ ಒರೆಸಿಕೊಂಡೆ. ಅಲ್ಲಿಂದ ಹೊರಡಲು ಮನಸ್ಸೇ ಬರಲಿಲ್ಲ.

ಆ ದಾರಿ ಮುಗಿದ ಮೇಲೆ ದಿ ನ್ಯಾರೋಸ್. ಇಲ್ಲಿ ನದಿಯೇ ದಾರಿ, ನೀರಿನಲ್ಲೇ ನಡೆಯಬೇಕು. ನಾವು ಮೊಣಕಾಲಿನವರೆಗೆ ನೀರು ಬರುವಷ್ಟು ದೂರ ಹೋಗಿ ವಾಪಸ್ ಬಂದೆವು. ಒಂದು ಮಾತು ದಯವಿಟ್ಟು ನೆನಪಿಡಿ. ನಿಮ್ಮ ತಲೆ ಮೇಲೆ ಆಕಾಶ ನೀಲಿಯಾಗಿದ್ದರೂ ದೂರದಲ್ಲಿ ಎಲ್ಲೋ ಮಳೆ ಬಿದ್ದರೆ ಇಲ್ಲಿಗೆ ಪ್ರವಾಹ ಬರುತ್ತದೆ. ಓಡಿಹೋಗಲು ಜಾಗ ಇರುವುದಿಲ್ಲ. ಹೋಗುವ ದಿನ ರೇಂಜರ್‌ಗಳು ಹಾಕುವ ಪ್ರವಾಹದ ಮುನ್ಸೂಚನೆ ಓದಿಯೇ ಹೋಗಿ.

ಝಯಾನ್ ಬಿಟ್ಟು ಬ್ರೈಸ್ ಕ್ಯಾನಿಯನ್‌ಗೆ ಬಂದೆವು. ಇಲ್ಲಿ ನಾವು ಎಂಟು ಸಾವಿರ ಅಡಿ ಎತ್ತರದಲ್ಲಿದ್ದೇವೆ. ಅಂಚಿಗೆ ಬಂದು ಕೆಳಗೆ ನೋಡಿದರೆ ಸಾವಿರಾರು ಕಲ್ಲಿನ ಕಂಬಗಳು. ಇವಕ್ಕೆ ಹೂಡೂ ಅನ್ನುತ್ತಾರೆ. ಇಲ್ಲಿನ ಮೂಲನಿವಾಸಿ ಪೈಯೂಟ್ ಜನರ ಕಥೆಯಲ್ಲಿ ಇವರೆಲ್ಲ ಹಿಂದೆ ಇಲ್ಲಿ ಬಾಳಿದವರು, ಕೆಟ್ಟದ್ದು ಮಾಡಿದ್ದಕ್ಕೆ ಕಯೋಟಿ, ಅಂದರೆ ನರಿಯಂಥ ಪ್ರಾಣಿ, ಅವರನ್ನು ಕಲ್ಲು ಮಾಡಿಬಿಟ್ಟ. ಸಂಜೆ ಬೆಳಕಿನಲ್ಲಿ ಸಾಲಾಗಿ ನಿಂತ ಈ ಆಕಾರಗಳನ್ನು ನೋಡುವಾಗ ಆ ಕಥೆ ಎಷ್ಟು ಸಹಜ ಅನ್ನಿಸುತ್ತದೆ.

ಇಲ್ಲಿ ನದಿ ಇಲ್ಲ. ಇಷ್ಟೆಲ್ಲ ಕೆತ್ತಿದ್ದು ಮುಖ್ಯವಾಗಿ ಮಂಜುಗಡ್ಡೆ. ಹಗಲು ಹಿಮ ಕರಗಿ ಬಿರುಕಿನೊಳಗೆ ಇಳಿಯುತ್ತದೆ. ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತದೆ, ಬಿರುಕು ಇನ್ನಷ್ಟು ಅಗಲವಾಗುತ್ತದೆ. ಹೀಗೆ ವರ್ಷದಲ್ಲಿ ಸುಮಾರು ಅರ್ಧದಷ್ಟು ದಿನ ನಡೆಯುತ್ತದೆ. ನಾವಿದ್ದಾಗಲೂ ಬೆಳಗಾಗುವಷ್ಟರಲ್ಲಿ ಟೆಂಟಿನ ಹೊರಗಿಟ್ಟ ಬಾಟಲಿಯಲ್ಲಿ ಮೇಲಿನ ನೀರು ಗಡ್ಡೆಯಾಗಿತ್ತು. ಪ್ರಶಾಂತ್ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾ ನಿಂತ.

ಎತ್ತರದಲ್ಲಿ ಅಡುಗೆ ಬೇರೆಯೇ. ಇಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ತೊಗರಿಬೇಳೆ ಸಾದಾ ಪಾತ್ರೆಯಲ್ಲಿ ಬೇಗ ಬೇಯುವುದಿಲ್ಲ. ಕುಕ್ಕರ್ ತಂದಿದ್ದು ಅದಕ್ಕೇ. ರಾತ್ರಿ ಹತ್ತರ ಮೇಲೆ ಕ್ಯಾಂಪ್‌ನಲ್ಲಿ ಸದ್ದು ಮಾಡಬಾರದು ಅನ್ನುವ ನಿಯಮ ಇದೆ, ಕತ್ತಲಾಗುವ ಮೊದಲೇ ಸೀಟಿ ಕೂಗಿಸಿಬಿಟ್ಟೆವು. ಆ ಚಳಿಯಲ್ಲಿ ಬಿಸಿಬೇಳೆಬಾತ್, ಮೇಲೆ ತುಪ್ಪ. ತಿಂದು ಮುಗಿಸಿ ತಲೆ ಎತ್ತಿದರೆ ಆಕಾಶದ ಈ ತುದಿಯಿಂದ ಆ ತುದಿಯವರೆಗೆ ಹಾಲುಹಾದಿ.

ಬ್ರೈಸ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಬೇರೆಯೇ. ಮಾಸಿ ಕೇವ್ ಅಂತ, ಪಾರ್ಕಿನ ಮುಖ್ಯ ಗೇಟಿನಿಂದ ಹೊರಗೆ, ಹೈವೇ 12ರ ಪಕ್ಕದಲ್ಲಿದೆ. ಹೂಡೂಗಳ ನಡುವೆ ಒಂದು ತೊರೆ ಹರಿಯುತ್ತಿದೆ, ನೋಡಿ. ಇದು ತಾನಾಗಿ ಹರಿದು ಬಂದದ್ದಲ್ಲ. ಕೆಳಗಿನ ಟ್ರಾಪಿಕ್ ಊರಿನ ರೈತರು 1890ರಿಂದ 1892ರವರೆಗೆ ಗುದ್ದಲಿ, ಸಲಿಕೆ ಹಿಡಿದು ತೋಡಿದ ಕಾಲುವೆ. ಬೆಟ್ಟದ ಆಚೆ ಸೆವಿಯರ್ ನದಿಯ ಒಂದು ಕವಲು ಬೇರೆ ದಿಕ್ಕಿಗೆ ಹರಿದುಹೋಗುತ್ತಿತ್ತು. ಅದನ್ನು ಈ ಕಡೆಗೆ ತಿರುಗಿಸಿ ಹೊಲಕ್ಕೆ ತಂದರು. ಬರಗಾಲ ಬಂದ 2002 ಬಿಟ್ಟರೆ ಅಂದಿನಿಂದ ನೀರು ಹರಿಯುತ್ತಲೇ ಇದೆ. ನಾಲೆ ನೀರಿಗೆ ಕಾದು ಕುಳಿತ ರೈತರ ಮನೆಯಲ್ಲಿ ಹುಟ್ಟಿದವಳು ನಾನು. ನೀರು ಬಂತು ಅಂತ ಸುದ್ದಿ ಬಂದ ರಾತ್ರಿ ನಮ್ಮಪ್ಪ ಟಾರ್ಚ್ ಹಿಡಿದು ಗದ್ದೆಗೆ ಓಡುತ್ತಿದ್ದರು. 1892ರಲ್ಲಿ ಮೊದಲ ಸಲ ಇಲ್ಲಿ ನೀರು ಬಂದಾಗ ಆ ಊರಿನವರಿಗೆ ಹೇಗಾಗಿರಬೇಕು ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಮುಂದೆ ಹೈವೇ 12. ಅಮೆರಿಕದಲ್ಲಿ ನಾನು ಕಂಡ ರಸ್ತೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಎಸ್ಕಲಾಂಟೆ ಊರು ದಾಟಿದ ಮೇಲೆ ಒಂದು ಕಡೆ ರಸ್ತೆ ಬೆಟ್ಟದ ಕಿರಿದಾದ ಬೆನ್ನಿನ ಮೇಲೇ ಹೋಗುತ್ತದೆ, ಎರಡೂ ಕಡೆ ಆಳ. ಇದೇ ರಸ್ತೆಯಲ್ಲಿ ಮುಂದೆ ಸಿಗುವ ಬೋಲ್ಡರ್ ಎಂಬ ಊರಿಗೆ 20ನೇ ಶತಮಾನ ಬಂದು ಎಷ್ಟೋ ವರ್ಷ ಆದಮೇಲೂ ಟಪಾಲು ಬರುತ್ತಿದ್ದದ್ದು ಹೇಸರಗತ್ತೆಯ ಮೇಲೆ.

ಕ್ಯಾಪಿಟಲ್ ರೀಫ್‌ಗೆ ಬಂದಾಗ ಮಧ್ಯಾಹ್ನ. ಸುಮಾರು 160 ಕಿಲೋಮೀಟರ್ ಉದ್ದಕ್ಕೆ ನೆಲವೇ ಮಡಚಿ ಎದ್ದು ನಿಂತಿದೆ. ಅದರ ನಡುವೆ ಫ್ರೀಮಾಂಟ್ ನದಿ, ನದಿಯ ಪಕ್ಕದಲ್ಲಿ ಹಣ್ಣಿನ ತೋಟಗಳು. ಮರುಭೂಮಿಯ ಕೆಂಪು ಗೋಡೆಯ ಬುಡದಲ್ಲಿ ಹಸಿರು ಸೇಬಿನ ಮರಗಳು! 1880ರ ದಶಕದಿಂದ ಇಲ್ಲಿ ನೆಲೆಸಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಕುಟುಂಬಗಳು ಕಾಲುವೆ ತೋಡಿ ಬೆಳೆಸಿದ ತೋಟ. ಊರಿನ ಹೆಸರು ಫ್ರೂಟಾ, ಒಂದೇ ಸಲಕ್ಕೆ ಹತ್ತು ಮನೆಗಿಂತ ಹೆಚ್ಚು ಇರಲೇ ಇಲ್ಲ. ಈಗ ಊರಿಲ್ಲ, ತೋಟವನ್ನು ಪಾರ್ಕಿನವರು ನೋಡಿಕೊಳ್ಳುತ್ತಾರೆ. ನೀರು ಈಗಲೂ ಕಾಲುವೆಯಿಂದಲೇ. ಕೀಳಬಹುದು ಅಂತ ಬೋರ್ಡ್ ಹಾಕಿದ್ದ ತೋಟಕ್ಕೆ ನಾವು ಹೋದೆವು. ಏಣಿ ಅವರೇ ಇಟ್ಟಿರುತ್ತಾರೆ. ಅಲ್ಲೇ ತಿನ್ನುವ ಹಣ್ಣಿಗೆ ದುಡ್ಡಿಲ್ಲ. ಮನೆಗೆ ಒಯ್ಯುವುದನ್ನು ನಾವೇ ತೂಕ ಮಾಡಿ, ನಾವೇ ಹಣ ಹಾಕಿ ಬರಬೇಕು. ಇಷ್ಟು ನಂಬಿಕೆ ಇಟ್ಟು ನಡೆಸುತ್ತಾರಲ್ಲ, ಅದೇ ನನಗೆ ಖುಷಿ ಕೊಟ್ಟಿತು. ಇವರಿಗಿಂತ ಎಷ್ಟೋ ಮೊದಲು, ಸಾವಿರ ವರ್ಷದ ಹಿಂದೆಯೇ, ಇದೇ ನದಿಯ ದಡದಲ್ಲಿ ಫ್ರೀಮಾಂಟ್ ಸಂಸ್ಕೃತಿಯ ಜನ ಮೆಕ್ಕೆಜೋಳ ಬೆಳೆಯುತ್ತಿದ್ದರು. ಅವರು ಬಂಡೆಯ ಮೇಲೆ ಕೊರೆದ ಚಿತ್ರಗಳು ರಸ್ತೆಯಿಂದ ನಾಲ್ಕು ಹೆಜ್ಜೆ ನಡೆದರೆ ಕಾಣುತ್ತವೆ.

ಮುಂದಿನ ಪಾರ್ಕ್ ಆರ್ಚಸ್ ಬಗ್ಗೆ ಬೇಕಾದಷ್ಟು ವಿಡಿಯೊಗಳಿವೆ, ನಾನು ಚುಟುಕಾಗಿ ಹೇಳುತ್ತೇನೆ. ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳು. ಇವುಗಳ ಕೆಳಗೆ ಆಳದಲ್ಲಿ ಉಪ್ಪಿದೆ, ಸುಮಾರು 30 ಕೋಟಿ ವರ್ಷದ ಹಿಂದೆ ಬತ್ತಿಹೋದ ಸಮುದ್ರದ ಉಪ್ಪು. ಮೇಲಿನ ಭಾರಕ್ಕೆ ಆ ಉಪ್ಪು ಸರಿದು ಉಬ್ಬಿ, ಮೇಲಿನ ಕಲ್ಲು ಸಾಲುಸಾಲಾಗಿ ಬಿರಿಯಿತು. ಮಿಕ್ಕ ಕೆಲಸ ಮಳೆ, ಮಂಜುಗಡ್ಡೆಯದು. ಇದು ಲ್ಯಾಂಡ್‌ಸ್ಕೇಪ್ ಆರ್ಚ್, 306 ಅಡಿ ಉದ್ದ. 1991ರಲ್ಲಿ ಇದರ ಕೆಳಭಾಗದಿಂದ ಒಂದು ದೊಡ್ಡ ಚಪ್ಪಡಿ ಕಳಚಿ ಬಿತ್ತು. 2008ರಲ್ಲಿ ಇದೇ ದಾರಿಯ ವಾಲ್ ಆರ್ಚ್ ಪೂರ್ತಿ ಕುಸಿಯಿತು. ದಾರಿ ಬಿಟ್ಟು ಆಚೆ ಕಾಲಿಡಬೇಡಿ. ಕಪ್ಪಗೆ, ಉಬ್ಬುಉಬ್ಬಾಗಿ ಕಾಣುವ ಆ ಮಣ್ಣಿಗೆ ಜೀವ ಇದೆ. ಮಳೆ ನೀರು ಹಿಡಿದಿಡುವುದು, ಮಣ್ಣು ಹಾರದಂತೆ ಕಾಯುವುದು ಅದೇ. ಒಂದು ಹೆಜ್ಜೆಗೆ ಸತ್ತದ್ದು ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು.

ಕೊನೆಗೆ ಕ್ಯಾನಿಯನ್‌ಲ್ಯಾಂಡ್ಸ್. ವಿಲೋ ಫ್ಲಾಟ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಬರೀ 12 ಜಾಗ, ಮೊದಲು ಬಂದವರಿಗೆ ಸಿಗುತ್ತದೆ. ಇಲ್ಲಿ ನಲ್ಲಿ ಇಲ್ಲ. ಮೋಆಬ್‌ನಲ್ಲೇ, ಅಂದರೆ ಹತ್ತಿರದ ಊರಿನಲ್ಲೇ, ಎರಡೂ ಕ್ಯಾನ್ ತುಂಬಿಸಿಕೊಂಡು ಬಂದೆವು. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಬೇಕೇ ಬೇಕು. ಟೆಂಟಿನಿಂದ ಸ್ವಲ್ಪ ನಡೆದರೆ ಗ್ರೀನ್ ನದಿ ಕಾಣುವ ಜಾಗ. ಸಾವಿರ ಅಡಿಗೂ ಹೆಚ್ಚು ಕೆಳಗೆ ನೀರು ಬಳಸಿಕೊಂಡು ಹೋಗುತ್ತಿದೆ. 1869ರಲ್ಲಿ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ ಮತ್ತು ಜೊತೆಗಾರರು ಮರದ ದೋಣಿಗಳಲ್ಲಿ ಇಲ್ಲೇ ಹಾದುಹೋದರು. ಪೊವೆಲ್‌ಗೆ ಅಮೆರಿಕದ ಅಂತರ್ಯುದ್ಧದಲ್ಲಿ ಒಂದು ಕೈ ಹೋಗಿತ್ತು. ಒಂದೇ ಕೈಯಲ್ಲಿ ಬಂಡೆ ಹತ್ತಿ ಅಳತೆ ಮಾಡಿದ ಮನುಷ್ಯ.

ಈ ನೀರು ದಕ್ಷಿಣಕ್ಕೆ ಹೋಗಿ ಕೊಲೊರಾಡೊ ಸೇರುತ್ತದೆ. ಕೊಲೊರಾಡೊ ನೀರಿನ ಮೇಲೆ ನಿಂತಿರುವವರು ಸುಮಾರು ನಾಲ್ಕು ಕೋಟಿ ಜನ. ಏಳು ರಾಜ್ಯಗಳ ನಡುವೆ ಇದರ ಒಪ್ಪಂದ ಆಗಿದ್ದು 1922ರಲ್ಲಿ. ಕಾವೇರಿ ಬಗ್ಗೆ ಮೈಸೂರು, ಮದರಾಸು ಒಪ್ಪಂದ ಮಾಡಿಕೊಂಡದ್ದು 1924ರಲ್ಲಿ. ಇಲ್ಲಿಯವರು ಒಳ್ಳೆ ಮಳೆಯ ವರ್ಷಗಳ ಲೆಕ್ಕ ಹಿಡಿದು ಹಂಚಿಬಿಟ್ಟರು. ಅಷ್ಟು ನೀರು ನದಿಯಲ್ಲಿ ಇಲ್ಲ. ಈಗ ಹೆಚ್ಚಿನ ವರ್ಷಗಳಲ್ಲಿ ಕೊಲೊರಾಡೊ ಸಮುದ್ರ ಮುಟ್ಟುವುದೇ ಇಲ್ಲ. ಮಂಡ್ಯದವಳಾಗಿ, ಈಗ ಫೀನಿಕ್ಸ್‌ನವಳಾಗಿ, ಈ ಸುದ್ದಿ ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೀರು ಕಡಿಮೆ ಆದಾಗ ಮೊದಲು ಒಣಗುವುದು ರೈತನ ಹೊಲ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎರಡು ನದಿ ಕೂಡುವ ಜಾಗ ಈ ಭಾಗದಿಂದ ಕಾಣುವುದಿಲ್ಲ. ಅದಕ್ಕೆ ಪಾರ್ಕಿನ ಇನ್ನೊಂದು ಭಾಗ ನೀಡಲ್ಸ್‌ಗೆ ಹೋಗಬೇಕು. ಕಾರಿನಲ್ಲಿ ಸುತ್ತಿಕೊಂಡು ಬಂದು, ಅಲ್ಲಿಂದ ಹೋಗಿಬರಲು ಸುಮಾರು 16 ಕಿಲೋಮೀಟರ್ ನಡಿಗೆ. ದಾರಿಯಲ್ಲಿ ಎಲ್ಲೂ ನೀರಿಲ್ಲ. ಇಷ್ಟು ಸಾಕು, ಮನೆಗೆ ಹೋಗೋಣ ಅಂದೆ ನಾನು. ಮಲಪ್ರಭಾ ದಡದಲ್ಲಿ ಬೆಳೆದ ಪ್ರಶಾಂತ್ ಒಪ್ಪಲಿಲ್ಲ. "ಕೂಡಲಸಂಗಮದ ಮಗ್ಗಲಿನವ ನಾನು. ಇಲ್ಲಿತನಕ ಬಂದು ಸಂಗಮ ನೋಡದ ಹೋಗೂದಂದ್ರ ಹೆಂಗ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಟೆಂಟ್ ಬಿಚ್ಚಿ, ಮೋಆಬ್‌ಗೆ ಇಳಿದು ಕ್ಯಾನ್ ತುಂಬಿಸಿಕೊಂಡು ನೀಡಲ್ಸ್ ಕಡೆ ಹೊರಟೆವು. ಆ ನಡಿಗೆ ಮುಂದಿನ ವಿಡಿಯೊದಲ್ಲಿ.