ಮೊರೆಗೂ ಉತ್ತರಕ್ಕೂ ನಡುವಿನ ಹೊತ್ತು

ಎಲ್ಲರಿಗೂ ನಮಸ್ಕಾರ.

ದೇವರ ಮೇಲಿನ ನಂಬಿಕೆ, ಸಾಹಸ ಎರಡೂ ಇರುವ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವ ಮಕ್ಕಳ ಸಿನಿಮಾ ಬಗ್ಗೆ ಮಾತಾಡಿ ಅಂದಾಗ ನನಗೆ ಮೊದಲು ನೆನಪಾದದ್ದು ಏಳು ವರ್ಷದ ಒಂದು ಹುಡುಗಿಯ ಮುಖ. 1919ರಲ್ಲಿ ದಾದಾಸಾಹೇಬ್ ಫಾಲ್ಕೆ ‘ಕಾಲಿಯಾ ಮರ್ದನ್’ ಎಂಬ ಮೂಕಿಚಿತ್ರ ತೆಗೆದರು. ಬಾಲಕೃಷ್ಣನಾಗಿ ನಟಿಸಿದವಳು ಅವರ ಸ್ವಂತ ಮಗಳು ಮಂದಾಕಿನಿ. ಕಥೆ ಶುರುವಾಗುವ ಮುಂಚೆ ಆ ಹುಡುಗಿಯ ಮುಖ ಹತ್ತಿರದಿಂದ ಕಾಣುತ್ತದೆ. ಒಂದಾದ ಮೇಲೊಂದು ಭಾವ ಆ ಮುಖದ ಮೇಲೆ ಹಾದುಹೋಗುತ್ತದೆ. ಆಮೇಲೆ ನಮ್ಮ ಕಣ್ಣೆದುರೇ ಆ ಮುಖ ಕರಗಿ ಕೃಷ್ಣನಾಗುತ್ತದೆ. ‘ಇವಳು ನಿಮ್ಮಂಥದೇ ಒಂದು ಮಗು, ನೋಡಿಕೊಳ್ಳಿ’ ಎಂದು ತೋರಿಸಿದ ಮೇಲೆಯೇ ಫಾಲ್ಕೆ ಆ ಮಗುವನ್ನು ಹಾವಿನ ಮಡುವಿಗೆ ಇಳಿಸುತ್ತಾರೆ. ಇಂಥ ಸಿನಿಮಾ ಮಾಡುವವರಿಗೆ ನೂರು ವರ್ಷದ ಹಿಂದಿನ ಈ ಒಂದು ಶಾಟ್ ದೊಡ್ಡ ಪಾಠ ಎಂದು ನನ್ನ ನಂಬಿಕೆ.

ಫಾಲ್ಕೆಯವರಿಗೆ ಸಿನಿಮಾದ ಹುಚ್ಚು ಹತ್ತಿದ್ದೂ ಭಕ್ತಿಚಿತ್ರದಿಂದಲೇ. ಮುಂಬೈನಲ್ಲಿ ಯೇಸುವಿನ ಜೀವನದ ಮೂಕಿಚಿತ್ರ ನೋಡುತ್ತಿದ್ದಾಗ ಅವರ ಮನಸ್ಸಿನ ಕಣ್ಣಿಗೆ ಕೃಷ್ಣ, ರಾಮ, ಗೋಕುಲ, ಅಯೋಧ್ಯೆಗಳು ಕಂಡವಂತೆ. ಒಂದು ಧರ್ಮದ ಕಥೆ ಇನ್ನೊಂದು ಧರ್ಮದವನ ಎದೆಯಲ್ಲಿ ಅವನದೇ ದೇವರನ್ನು ಎಬ್ಬಿಸಿತು. ‘ನಮ್ಮ ಮಕ್ಕಳಿಗೆ ನಮ್ಮ ಕಥೆ ಮಾತ್ರ ಸಾಕು’ ಎನ್ನುವವರು ಸಿಕ್ಕಾಗಲೆಲ್ಲ ನಾನು ಈ ಸಂಗತಿ ಹೇಳುತ್ತೇನೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಂಥ ಎಷ್ಟೋ ಚಿತ್ರಗಳಲ್ಲಿ ಮಗು ಕೈಮುಗಿಯುತ್ತದೆ, ಗಂಟೆ ಬಾರಿಸುತ್ತದೆ, ಬೆಳಕು ಮೂಡುತ್ತದೆ, ಕಷ್ಟ ಪರಿಹಾರ. ಎಲ್ಲ ಸೇರಿ ಅರ್ಧ ನಿಮಿಷ! ಇದರಲ್ಲಿ ಸಾಹಸ ಎಲ್ಲಿದೆ? ನಂಬಿಕೆಯಾದರೂ ಎಲ್ಲಿದೆ? ಕೇಳಿದ ಕೂಡಲೇ ಸಿಗುವುದಾದರೆ ನಂಬುವ ಕೆಲಸವೇ ಬೀಳುವುದಿಲ್ಲವಲ್ಲ. ಮೊರೆಯಿಡುವ ಗಳಿಗೆಗೂ ಉತ್ತರ ಬರುವ ಗಳಿಗೆಗೂ ನಡುವೆ ಒಂದು ಹೊತ್ತಿದೆ. ಮಗು ಒಂಟಿಯಾಗಿ ಹೆಜ್ಜೆ ಇಡುವುದು ಆ ಹೊತ್ತಿನಲ್ಲೇ. ಆ ಹೊತ್ತನ್ನು ಮೊಟಕು ಮಾಡಿದ ಚಿತ್ರ ಎಷ್ಟೇ ಗ್ರಾಫಿಕ್ಸ್ ಸುರಿದರೂ ಮಕ್ಕಳ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

1983ರ ‘ಭಕ್ತ ಪ್ರಹ್ಲಾದ’ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಹಿರಣ್ಯಕಶಿಪುವಾಗಿ ರಾಜ್‌ಕುಮಾರ್, ಪ್ರಹ್ಲಾದನಾಗಿ ಅವರ ಮಗ ಪುನೀತ್. ಫಾಲ್ಕೆಯವರ ಹಾಗೆ ಇಲ್ಲೂ ಅಪ್ಪ, ಮಗು. ನನ್ನ ತಂಗಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಇದನ್ನು ನೋಡಿದೆ. ಅವಳಿಗೆ ಆಗ ಆರು ತುಂಬಿತ್ತು. ಕಂಬದ ಘಟ್ಟ ಬಂತು. ಈ ಕಂಬದಲ್ಲೂ ಇದ್ದಾನೆಯೇ ಎಂದು ಅಪ್ಪ ಕೇಳುತ್ತಾನೆ, ಇದ್ದಾನೆ ಎಂದು ಮಗ ಹೇಳುತ್ತಾನೆ. ಅವಳು ನನ್ನ ತೋಳು ಹಿಡಿದು ಪಿಸುಗುಟ್ಟಿದಳು: “ಮಾಮ, ಅವ್ನು ಒಳಗೆ ಇಲ್ದೇ ಇದ್ರೆ?”

ಅವಳ ಆ ಪ್ರಶ್ನೆಯಿಂದ ನನಗೆ ಕಥೆಯೇ ಹೊಸದಾಯಿತು. ನರಸಿಂಹ ಬರುತ್ತಾನೆಂದು ನಮಗೆ ಗೊತ್ತು, ನಾವು ಕಥೆ ಕೇಳಿದವರು. ಪ್ರಹ್ಲಾದ ಈ ಕಥೆಯನ್ನು ಕೇಳಿರಲಿಲ್ಲ. ಕಂಬ ಒಡೆಯುತ್ತದೆಂಬ ಭರವಸೆ ಅವನಿಗೆ ಯಾರೂ ಕೊಟ್ಟಿರಲಿಲ್ಲ. ‘ಇದ್ದಾನೆ’ ಎಂದು ಹೇಳಿದ್ದಕ್ಕೂ ಗದೆ ಬೀಳುವುದಕ್ಕೂ ನಡುವಿನ ನಾಲ್ಕು ಉಸಿರಿನಷ್ಟು ಹೊತ್ತಿನಲ್ಲಿ ಆ ಹುಡುಗ ನಿಂತಿದ್ದಾನಲ್ಲ, ಇಡೀ ಚಿತ್ರದ ಸಾಹಸ ಅಲ್ಲಿದೆ. ಆನೆ, ವಿಷ, ಬೆಂಕಿ, ಬೆಟ್ಟದಿಂದ ತಳ್ಳುವುದು, ಇವೆಲ್ಲ ಆ ಗಳಿಗೆಗೆ ಹತ್ತುವ ಮೆಟ್ಟಿಲು.

ಇನ್ನೊಂದು ವಿಷಯ. ಭಾಗವತದ ಏಳನೆಯ ಸ್ಕಂಧದಲ್ಲಿ ಕಥೆ ಅಪ್ಪನ ಸಾವಿಗೆ ಮುಗಿಯುವುದಿಲ್ಲ. ವರ ಕೇಳು ಎಂದಾಗ ಪ್ರಹ್ಲಾದ ಕೇಳುವುದು ಅಪ್ಪನ ಪಾಪ ತೊಳೆದುಹೋಗಲಿ ಎಂದು. ತನ್ನನ್ನು ಕೊಲ್ಲಲು ಹೊರಟವನಿಗಾಗಿ ಮಗು ಬೇಡುತ್ತದೆ. ಚಿತ್ರಕಥೆ ಬರೆಯುವವರಲ್ಲಿ ನನ್ನದೊಂದು ವಿನಂತಿ: ಖಳನನ್ನು ಬರೀ ರಾಕ್ಷಸ ಮಾಡಿ ಕೈತೊಳೆದುಕೊಳ್ಳಬೇಡಿ. ಹಿರಣ್ಯಕಶಿಪು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಠ ಒಪ್ಪಿಸು ಎನ್ನುವ ಅಪ್ಪ. ಆ ತೊಡೆಯ ಬಿಸಿ ಮಕ್ಕಳಿಗೆ ಮುಟ್ಟಿದ್ದರೆ ಮಾತ್ರ ಕೊನೆಯ ಆ ಬೇಡಿಕೆ ಅರ್ಥವಾಗುತ್ತದೆ.

ದೇವರ ದನಿ ಹೇಗಿರಬೇಕು ಎಂಬುದು ಇಂಥ ಚಿತ್ರ ಮಾಡುವವರೆಲ್ಲರಿಗೂ ತಲೆನೋವು. ಸಾಮಾನ್ಯವಾಗಿ ಗುಡುಗಿನಂಥ ಗಂಡುದನಿ, ಅದಕ್ಕೊಂದು ಪ್ರತಿಧ್ವನಿ. 1998ರ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಎಂಬ ಅನಿಮೇಷನ್ ಚಿತ್ರದವರು ಬೇರೆ ದಾರಿ ಹಿಡಿದರು. ಉರಿದರೂ ಸುಟ್ಟುಹೋಗದ ಪೊದೆಯೊಳಗಿಂದ ಬೈಬಲ್ಲಿನ ಪ್ರವಾದಿ ಮೋಶೆಗೆ ಕೇಳಿಸುವ ದೇವರ ದನಿಯನ್ನು, ಮೋಶೆಗೆ ಕಂಠ ಕೊಟ್ಟ ವ್ಯಾಲ್ ಕಿಲ್ಮರ್ ಅವರಿಂದಲೇ ಮೆಲುದನಿಯಲ್ಲಿ ಹೇಳಿಸಿದರು. ನಮ್ಮೊಳಗೇ ಕೇಳಿಸುವ ದನಿಯ ಹಾಗೆ ಅದು ಇರಲಿ ಎಂಬುದು ಅವರ ಯೋಚನೆ. ಮಗು ಅದನ್ನು ಕೇಳಲು ಮೈಯೆಲ್ಲ ಕಿವಿಯಾಗಬೇಕು. ಬೈಬಲ್ಲಿನ ಕಥೆಯಲ್ಲಿ ಮೋಶೆ ಕೂಡಲೇ ಒಪ್ಪುವುದೂ ಇಲ್ಲ. ಈಜಿಪ್ಟಿನ ದೊರೆ ಫರೋಹನ ಬಳಿಗೆ ಹೋಗಲು ನಾನೆಷ್ಟರವನು ಎನ್ನುತ್ತಾನೆ, ನನ್ನ ನಾಲಿಗೆ ಮಂದ ಎನ್ನುತ್ತಾನೆ, ಬೇರೆ ಯಾರನ್ನಾದರೂ ಕಳಿಸು ಎಂದು ಬೇಡುತ್ತಾನೆ. ತರಗತಿಯಲ್ಲಿ ಎದ್ದು ನಿಂತು ಮಾತಾಡಲು ಹೆದರುವ ಮಗುವಿಗೆ ಇಂಥ ನಾಯಕ ಎಷ್ಟು ಹತ್ತಿರದವನು! ಹಿಂಜರಿಕೆಯನ್ನು ಕತ್ತರಿಸಿ ಹಾಕಿ ಬರೀ ಸಮುದ್ರ ಸೀಳುವುದನ್ನು ತೋರಿಸಿದರೆ ಆ ಮಗುವನ್ನು ನಾವು ಕೈಬಿಟ್ಟಂತೆ.

ಉಪದೇಶದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾತ್ರದ ಬಾಯಲ್ಲಿ ನೀತಿ ಹೇಳಿಸಿದ ಕೂಡಲೇ ಮಕ್ಕಳು ಕಾಲು ಆಡಿಸಲು ಶುರು ಮಾಡುತ್ತಾರೆ, ನೀವೇ ನೋಡಿದ್ದೀರಿ. ಹೆತ್ತವರಿಗೂ ಒಂದು ಮಾತು: ಚಿತ್ರ ಮುಗಿದ ತಕ್ಷಣ ‘ಇದರಿಂದ ಏನು ಕಲಿತೆ?’ ಎಂದು ಕೇಳಬೇಡಿ. ಸುಮ್ಮನಿರಿ. ಎರಡು ದಿನ ಬಿಟ್ಟು, ಮಲಗುವ ಹೊತ್ತಿಗೆ, ಪ್ರಶ್ನೆ ಅವರ ಕಡೆಯಿಂದಲೇ ಬರುತ್ತದೆ.

ಉಪದೇಶವಿಲ್ಲದೆ ನಂಬಿಕೆಯನ್ನು ತೋರಿಸಲು ಆಗುತ್ತದೆಯೇ ಎಂದು ಕೇಳುವವರಿಗೆ ಇರಾನಿನ ಮಜೀದ್ ಮಜೀದಿಯವರ ‘ಚಿಲ್ಡ್ರನ್ ಆಫ್ ಹೆವನ್’ ತೋರಿಸುತ್ತೇನೆ. 1997ರ ಚಿತ್ರ. ಇದರಲ್ಲಿ ಪವಾಡವೂ ಇಲ್ಲ, ದೇವದೂತರೂ ಇಲ್ಲ. ಅಲಿ ಎಂಬ ಹುಡುಗ ರಿಪೇರಿ ಮಾಡಿಸಿ ತರುತ್ತಿದ್ದ ತಂಗಿ ಝಾಹ್ರಾಳ ಶೂ ಕಳೆದುಬಿಡುತ್ತಾನೆ. ಬಡ ಮನೆ. ಅಪ್ಪ ಅಮ್ಮನಿಗೆ ಹೇಳದೆ ಇಬ್ಬರೂ ಒಂದೇ ಜೊತೆ ಶೂ ಹಂಚಿಕೊಳ್ಳುತ್ತಾರೆ. ಬೆಳಿಗ್ಗೆ ಶಾಲೆಗೆ ಅವಳು ಹಾಕಿಕೊಂಡು ಹೋಗಿ, ಓಡಿ ಬಂದು ಓಣಿಯಲ್ಲಿ ಬಿಚ್ಚಿ ಕೊಡಬೇಕು, ಅವನು ಹಾಕಿಕೊಂಡು ತನ್ನ ಶಾಲೆಗೆ ಓಡಬೇಕು. ಸಾಹಸ ಎಂದರೆ ಅಷ್ಟೇ. ಆದರೂ ಉಸಿರು ಬಿಗಿಹಿಡಿದು ನೋಡುತ್ತೇವೆ.

ಅದರಲ್ಲೊಂದು ಸಣ್ಣ ದೃಶ್ಯ. ಅಪ್ಪ ಮಸೀದಿಗೆಂದು ಸಕ್ಕರೆಯ ದೊಡ್ಡ ಗಟ್ಟಿಗಳನ್ನು ಒಡೆದು ತುಂಡು ಮಾಡುತ್ತಿದ್ದಾನೆ. ಮಗಳು ಚಹಾ ತಂದುಕೊಡುತ್ತಾಳೆ. ಅವನು ಸಕ್ಕರೆ ಕೇಳುತ್ತಾನೆ. ಇಷ್ಟೊಂದು ಮುಂದೆಯೇ ಇದೆಯಲ್ಲ ಎನ್ನುತ್ತಾಳೆ ಅವಳು. ಇದು ಮಸೀದಿಯದು, ನಮ್ಮನ್ನು ನಂಬಿ ಕೊಟ್ಟದ್ದು ಎನ್ನುತ್ತಾನೆ ಅಪ್ಪ. ಹಿನ್ನೆಲೆ ಸಂಗೀತ ಏರುವುದಿಲ್ಲ, ಯಾರೂ ಹೊಗಳುವುದಿಲ್ಲ. ಆ ಮನೆಯ ಮಕ್ಕಳು ನಂಬಿಕೆಯನ್ನು ಎಲ್ಲಿ ಕಲಿತರು ಎಂಬುದು ನಮಗೆ ತಿಳಿದುಹೋಗುತ್ತದೆ.

ಕೊನೆಯಲ್ಲಿ ಓಟದ ಪಂದ್ಯ. ಮೂರನೆಯ ಬಹುಮಾನ ಒಂದು ಜೊತೆ ಶೂ. ತಂಗಿಗಾಗಿ ಮೂರನೆಯವನಾಗಲೇಬೇಕೆಂದು ಅಲಿ ಓಡುತ್ತಾನೆ, ಎಡವಿ ಬೀಳುತ್ತಾನೆ, ಎದ್ದು ಗುರಿಯೆಲ್ಲ ಮರೆತು ಓಡಿ ಮೊದಲನೆಯವನಾಗಿಬಿಡುತ್ತಾನೆ. ಎಲ್ಲರೂ ಎತ್ತಿ ಮೆರೆಸುತ್ತಿದ್ದರೆ ಅವನಿಗೆ ಅಳು. ಮನೆಗೆ ಬರುತ್ತಾನೆ. ತಂಗಿ ಅವನ ಮುಖ ನೋಡುತ್ತಾಳೆ, ಅವಳಿಗೆ ಗೊತ್ತಾಗುತ್ತದೆ. ಇತ್ತ ಅಪ್ಪನ ಸೈಕಲ್ ಮೇಲೆ ಹೊಸ ಶೂಗಳು ಇರುವುದನ್ನು ನಿರ್ದೇಶಕರು ನಮಗೆ ಮಾತ್ರ ತೋರಿಸಿಬಿಟ್ಟಿದ್ದಾರೆ. ಉತ್ತರ ಹೊರಟಾಗಿದೆ, ದಾರಿಯಲ್ಲಿದೆ, ಇನ್ನೂ ಮನೆ ಮುಟ್ಟಿಲ್ಲ. ಅಲಿ ಅಂಗಳದ ಕೊಳದ ಅಂಚಿಗೆ ಕೂತು ಬೊಬ್ಬೆ ಎದ್ದ ಪಾದಗಳನ್ನು ನೀರಿಗೆ ಇಳಿಬಿಡುತ್ತಾನೆ. ಕೆಂಪು ಮೀನುಗಳು ಒಂದೊಂದಾಗಿ ಬಂದು ಆ ಪಾದಗಳನ್ನು ಸುತ್ತುವರಿಯುತ್ತವೆ.