ಡ್ಯಾಂ ನೀರು, ಇಂಗ್ಲಿಷ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಿಂತು ಇಂಗ್ಲಿಷ್ ಬಗ್ಗೆ ಮಾತಾಡೋಕೆ ಲಂಡನ್ನಿನ ಉದಾಹರಣೆ ಯಾಕೆ, ನಮ್ಮ ತುಂಗಭದ್ರಾ ಡ್ಯಾಂ ಸಾಕು. ಕಟ್ಟಿದ ಹೊಸದರಲ್ಲಿ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು. ಹೂಳು ತುಂಬಿ ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಇದನ್ನೇ ಇಂಗ್ಲಿಷಿನಲ್ಲಿ ಹೇಳಿ ಅಂದರೆ ಕೆಲವರು 'ಡಿಕ್ರೀಸ್ಡ್ ಟು 105' ಅಂತಾರೆ, ಕೆಲವರು 'ಡಿಕ್ರೀಸ್ಡ್ ಬೈ 105' ಅಂತಾರೆ. ಮೊದಲನೆಯದು ಸರಿ. ಎರಡನೆಯದನ್ನು ನಂಬಿದರೆ ಡ್ಯಾಮಿಗೆ ಉಳಿಯೋದು ಬರೀ 28 ಟಿಎಂಸಿ, ಎಡದಂಡೆಯ ರೈತರು ಭತ್ತದ ಆಸೆ ಬಿಡಬೇಕಾಗುತ್ತೆ!

ಇದು ಕಲಿತರೆ ಸರಿಹೋಗುವ ತಪ್ಪು. ನಿಜವಾದ ತಲೆನೋವು ಬೇರೆ ಇದೆ: ವಾಕ್ಯದಲ್ಲಿ ಏನೂ ತಪ್ಪಿಲ್ಲ, ಆದರೂ ಅರ್ಥ ಎರಡು.

ಡ್ಯಾಮಿಗೆ 33 ಕ್ರೆಸ್ಟ್ ಗೇಟ್‌ಗಳಿವೆ. ಮಳೆಗಾಲದಲ್ಲಿ ಒಬ್ಬರು 'ಆಲ್ ದ ಗೇಟ್ಸ್ ಆರ್ ನಾಟ್ ಓಪನ್' ಅಂತ ಮೆಸೇಜ್ ಹಾಕಿದರು ಅಂದುಕೊಳ್ಳಿ. ಒಂದು ಗೇಟೂ ತೆರೆದಿಲ್ಲ ಅಂತಲೋ, ಇಪ್ಪತ್ತು ತೆರೆದಿದ್ದಾರೆ, ಪೂರ್ತಿ 33 ಅಲ್ಲ ಅಂತಲೋ? ಎರಡೂ ಆಗುತ್ತೆ. ಕಂಪ್ಲಿ ಸೇತುವೆ ದಾಟಿ ಹೋಗಬೇಕಾದವನಿಗೆ ಇದು ವ್ಯಾಕರಣದ ಪ್ರಶ್ನೆ ಅಲ್ಲ, ಅಲ್ವಾ? ನೀರು ಜಾಸ್ತಿ ಬಿಟ್ಟರೆ ಆ ಸೇತುವೆ ಮುಳುಗೋದು ನಿಮಗೆಲ್ಲಾ ಗೊತ್ತು. ಹಾಗಾಗಿ ಒಂದೂ ತೆರೆದಿಲ್ಲ ಅನ್ನೋದಾದರೆ 'ನನ್ ಆಫ್ ದ ಗೇಟ್ಸ್' ಅಂತ ಶುರು ಮಾಡಿ, ಕೆಲವು ಮಾತ್ರ ಅನ್ನೋದಾದರೆ 'ನಾಟ್ ಆಲ್' ಅಂತ ಶುರು ಮಾಡಿ. ನಾವು ಈ ಗೊಂದಲವನ್ನು ಗಮನಿಸದೇ ಇರೋದಕ್ಕೂ ಕಾರಣ ಇದೆ. 'ಎಲ್ಲಾ ಗೇಟ್ ತೆರೆದಿಲ್ಲ' ಅಂತ ಕನ್ನಡದಲ್ಲೂ ಹೀಗೇ ಹೇಳ್ತೀವಿ, ಎದುರಿಗಿದ್ದವರು ಮುಖ ನೋಡಿ, ಧಾಟಿ ಕೇಳಿ ಅರ್ಥ ಮಾಡಿಕೊಳ್ತಾರೆ. ಮೆಸೇಜಿಗೆ ಮುಖವೂ ಇಲ್ಲ, ಧಾಟಿಯೂ ಇಲ್ಲ.

ಇನ್ನು 'ಫ್ಯೂ' ಕುಟುಂಬ. ಬರೀ 'ಫ್ಯೂ' ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 'ಎ ಫ್ಯೂ' ಅಂದರೆ ಒಂದಿಷ್ಟು ಇವೆ. 'ಕ್ವೈಟ್ ಎ ಫ್ಯೂ' ಅಂದರೆ, ನಗಬೇಡಿ, ಸಾಕಷ್ಟು ಇವೆ! ಎಷ್ಟು ಅಂತ ಮೂರೂ ಹೇಳಲ್ಲ. ಸುಮ್ನೆ ಇಂಗ್ಲಿಷನ್ನು ಬೈಯೋದೂ ಬೇಡ, 'ನಾಲ್ಕು ಜನ ಏನಂದಾರು' ಅಂತೀವಲ್ಲ, ಆ ನಾಲ್ಕು ಜನರನ್ನು ಎಣಿಸಿದವರು ಯಾರು?

ದೊಡ್ಡ ಸಂಖ್ಯೆಗಳಲ್ಲೂ ಇದೇ ಕಥೆ. ಹಿಂದೆ ಬ್ರಿಟನ್ನಿನಲ್ಲಿ ಬಿಲಿಯನ್ ಅಂದರೆ ಒಂದರ ಮುಂದೆ 12 ಸೊನ್ನೆ, ಅಮೆರಿಕದಲ್ಲಿ 9. 1974ರಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರು, ಬ್ರಿಟಿಷ್ ಸರ್ಕಾರವೂ ಇನ್ನು 9 ಸೊನ್ನೆಯದ್ದನ್ನೇ ಬಳಸುತ್ತೆ ಅಂತ ಹೇಳಿದರು. ಹಳೇ ಬ್ರಿಟಿಷ್ ಪುಸ್ತಕ ಓದುವಾಗ ಇದು ನೆನಪಿರಲಿ. ನಮ್ಮ ಟಿಎಂಸಿಗೆ ಈ ಜಗಳವೇ ಇಲ್ಲ. ಅದು ಥೌಸಂಡ್ ಮಿಲಿಯನ್ ಕ್ಯೂಬಿಕ್ ಫೀಟ್, ಅಂದರೆ 100 ಕೋಟಿ ಘನ ಅಡಿ. ಯಾವ ದೇಶದವನು ಓದಿದರೂ ಅಷ್ಟೇ ನೀರು.

ಕೊನೆಗೆ, ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. 'ಬೈವೀಕ್ಲಿ' ಅನ್ನೋದಕ್ಕೆ ಡಿಕ್ಷನರಿಯಲ್ಲೇ ಎರಡು ಅರ್ಥ ಇವೆ: ವಾರಕ್ಕೆ ಎರಡು ಸಲ, ಎರಡು ವಾರಕ್ಕೆ ಒಂದು ಸಲ. ಆಫರ್ ಲೆಟರ್‌ನಲ್ಲಿ ಸಂಬಳದ ಮುಂದೆ ಈ ಪದ ಇದ್ದರೆ ಎರಡು ವಾರಕ್ಕೊಮ್ಮೆ ಅಂತಲೇ ಇರುತ್ತೆ, ಆಸೆ ಪಡಬೇಡಿ. ಮೀಟಿಂಗ್ ಮುಂದೆ ಇದ್ದರೆ ಮಾತ್ರ ನಾಚಿಕೆ ಬಿಟ್ಟು ಯಾವ ಯಾವ ದಿನ ಅಂತ ಕೇಳಿಬಿಡಿ.

ಪ್ರಶ್ನೆ ಇದ್ದರೆ ಈಗ ಕೇಳಿ. ಸಿಂಧನೂರು ಬಸ್ಸಿಗೆ ಹೋಗೋರು ಮೊದಲು.